ನಗರ ದಾಟಿದ ಚಂದ್ರನ ಬಸ್ಸು

ನನ್ನ ಮೊಮ್ಮಗಳು ಮಾತಾಡಿದಳು. ಐದು ವರ್ಷ ತುಂಬಿ ಮೇಲೆ ಮೂರು ತಿಂಗಳಾದರೂ ಒಂದು ಮಾತೂ ಆಡದಿದ್ದವಳು, ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ, ಶನಿವಾರ ಮಧ್ಯಾಹ್ನ, ನಾಲ್ಕು ಜನ ಕೇಳುವ ಹಾಗೆ ಬಾಯಿ ಬಿಟ್ಟು ಮಾತಾಡಿದಳು. ಇದನ್ನು ಮೊದಲು ಹೇಳಿಬಿಡುತ್ತೇನೆ. ಉಳಿದದ್ದನ್ನೆಲ್ಲ ಬರೆಯುವಷ್ಟರಲ್ಲಿ ನನ್ನ ಕೈ ಸೋತು ಎಲ್ಲಿಯಾದರೂ ನಿಂತೇನು. ನಿಂತರೂ ಈ ಸುದ್ದಿಯೊಂದು ಹಿಂದೆ ಉಳಿಯಬಾರದು.

ಇದಾಗಿ ಇನ್ನೂ ತಿಂಗಳು ತುಂಬಿಲ್ಲ. ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ. ಟಿಕೆಟ್ಟು ಕೇಳಲು ಬಂದವರಿಗೂ ಹೇಳಿದ್ದೇನೆ. ಕೆಲವರು ಎರಡು ಸಲ ಕೇಳಿ ಆಗಿದೆ, ಆದರೂ ಪಾಪ, ತಲೆ ಆಡಿಸುತ್ತಾರೆ.

ನಾನು ಬಸ್ ಸ್ಟ್ಯಾಂಡಿನ ಟೈಂ ಕೀಪರ್. ಓದಿದ್ದು ಮೂರನೇ ಕ್ಲಾಸು. ಅಂಕಿ ಬರೆಯಲು ಬರುತ್ತದೆ, ಗಡಿಯಾರ ನೋಡಲು ಬರುತ್ತದೆ, ಊರಿನ ಹೆಸರು ಬರೆಯಲು ಬರುತ್ತದೆ. ಈ ಕೆಲಸಕ್ಕೆ ಅಷ್ಟು ಸಾಕು, ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಸಾಗರದಿಂದ ಹೊರಟ ಬಸ್ಸು ಹೊಸನಗರಕ್ಕೆ ಬಂದು, ನಗರ ಎಂಬ ಊರಿನ ಮೇಲೆ ತೀರ್ಥಹಳ್ಳಿಗೆ ಹೋಗುತ್ತದೆ. ಅಲ್ಲಿಂದ ಹೊರಟದ್ದು ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತದೆ. ನಡುವೆ ನಿಂತು ಯಾವ ಬಸ್ಸು ಎಲ್ಲಿದೆ ಎಂದು ಹೇಳುವವನು ನಾನು. ಇಪ್ಪತ್ತು ವರ್ಷದಿಂದ ನಿಂತಿದ್ದೇನೆ. ಕೂರಲು ಒಂದು ಸ್ಟೂಲು ಇದೆ, ಆದರೆ ಕೂತ ಕೂಡಲೇ ಯಾರಾದರೊಬ್ಬರು ಬಂದು ಬಸ್ಸು ಎಲ್ಲಿ ಎಂದು ಕೇಳುತ್ತಾರೆ. ಮಂಡಿ ಎರಡೂ ಹೋಗಿವೆ.

ಕಣ್ಣಿಗೆ ಕಾಣದ ಬಸ್ಸು ಎಲ್ಲಿದೆ ಎಂದು ನನಗೆ ಹೇಗೆ ತಿಳಿಯುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಅದೇನು ದೊಡ್ಡ ವಿದ್ಯೆಯಲ್ಲ. ಎದುರಿನಿಂದ ಬಂದ ಡ್ರೈವರನ್ನು ಕೇಳಿದರೆ ಆಯಿತು.

‘ಏಳೂವರೆ ಬಸ್ಸು ಎಲ್ಲಿ ಸಿಕ್ತು ಮಾರಾಯ?’

‘ಸೇತುವೆ ಹತ್ರ ಸಿಕ್ತು. ಟೈರು ಬಿಚ್ಕಂಡು ಕೂತಿದಾರೆ. ಡ್ರೈವರು ಬೀಡಿ ಸೇದ್ತಾ ಇದ್ದ, ಕಂಡಕ್ಟ್ರು ಬೈಸ್ಕಳ್ತಾ ಇದ್ದ.’

ಅಷ್ಟು ಸಾಕು. ನನ್ನ ಬೆನ್ನ ಹಿಂದೆ ಗೋಡೆಯ ಮೇಲೆ ಕಪ್ಪು ಬಣ್ಣ ಬಳಿದ ಹಲಗೆ ಇದೆ. ಅದರಲ್ಲಿ ಉದ್ದಕ್ಕೆ ಒಂದು ಗೆರೆ. ಎಡತುದಿಗೆ ಸಾಗರ, ಬಲತುದಿಗೆ ತೀರ್ಥಹಳ್ಳಿ, ನಡುವೆ ನಾವು. ಬಸ್ಸು ಹೊರಟ ಹೊತ್ತನ್ನೇ ಅದರ ಹೆಸರು ಮಾಡಿ, ಡ್ರೈವರು ಹೇಳಿದ ಜಾಗದಲ್ಲಿ ಸೀಮೆಸುಣ್ಣದಿಂದ ಬರೆಯುತ್ತೇನೆ. ಕಾದು ಬೇಸತ್ತವರು ಬಂದು ‘ಬಸ್ಸು ಎಲ್ಲಾದ್ರೂ ಉರುಳ್ತಾ ಹ್ಯಾಗೆ?’ ಎಂದು ಕೇಳಿದರೆ ಹಲಗೆ ತೋರಿಸಿ, ‘ಬೋರ್ಡಿನ ಮೇಲೆ ಅದೆಯಲ್ಲ, ಮತ್ತೆಂತಕ್ಕೆ ಹೆದರ್ತೀರಿ?’ ಎನ್ನುತ್ತೇನೆ. ಅವರು ಆ ಅಂಕಿಯನ್ನು ನೋಡಿಕೊಂಡು ಹೋಗಿ ಮತ್ತೆ ಕೂರುತ್ತಾರೆ.

ತೀರ್ಥಹಳ್ಳಿ ಕಡೆಗೆ ಹೋದ ಬಸ್ಸು ನಗರ ದಾಟಿತು ಎಂದು ಸುದ್ದಿ ಬಂದ ಕೂಡಲೇ ಒದ್ದೆ ಬಟ್ಟೆ ತೆಗೆದುಕೊಂಡು ಅದನ್ನು ಒರೆಸಿಬಿಡುವುದು ನಮ್ಮ ಪದ್ಧತಿ. ಅಲ್ಲಿಂದಾಚೆ ಅದು ತೀರ್ಥಹಳ್ಳಿಯ ಟೈಂ ಕೀಪರನದು. ಕೆಟ್ಟು ನಿಂತರೂ ಹೊತ್ತು ಮೀರಿದರೂ ಅವನ ತಲೆನೋವು. ದಿನಕ್ಕೆ ಹತ್ತಾರು ಬಸ್ಸು ನೋಡುವವನಿಗೆ ಹಾಗೆ ಒರೆಸುವುದರಲ್ಲಿ ಒಂದು ಸುಖ ಇದೆ. ಬೆನ್ನಿನಿಂದ ಒಂದು ಮೂಟೆ ಇಳಿಸಿದ ಹಾಗೆ.

ನನ್ನ ಮಗ ಅದೇ ದಾರಿಯ ಬಸ್ಸಿನಲ್ಲಿ ಕಂಡಕ್ಟರು. ಒಂದು ದಿನ ಬಿಟ್ಟು ಒಂದು ದಿನ ರಾತ್ರಿ ಅವನಿಗೆ ತೀರ್ಥಹಳ್ಳಿಯಲ್ಲೇ ಹಾಲ್ಟು. ಅವನ ಮಗಳೇ ಈ ಹುಡುಗಿ.

ಹುಟ್ಟಿದಾಗ ಚೆನ್ನಾಗಿ ಅತ್ತಳು. ಕಿವಿ ಚುರುಕು, ಬಸ್ಸಿನ ಹಾರ್ನು ಕೇಳಿಯೇ ಅದು ಅವಳಪ್ಪನ ಬಸ್ಸೋ ಅಲ್ಲವೋ ಎಂದು ತಿಳಿದುಕೊಳ್ಳುತ್ತಿದ್ದಳು. ಮಾತು ಮಾತ್ರ ಬರಲಿಲ್ಲ. ಎರಡು ವರ್ಷಕ್ಕೆ ಬಂದೀತು ಎಂದರು, ಮೂರಕ್ಕೆ ಬಂದೀತು ಎಂದರು. ನನ್ನ ಹೆಂಡತಿ ದಿನ ಬೆಳಗಾದರೆ ಬಜೆ ಬೇರು ತೇಯ್ದು ಅವಳ ನಾಲಿಗೆಗೆ ಹಚ್ಚುತ್ತಿದ್ದಳು. ವರದಹಳ್ಳಿಗೆ ಹೋಗಿ ತೀರ್ಥ ಕುಡಿಸಿಕೊಂಡು ಬಂದೆವು. ಶಿವಮೊಗ್ಗದ ಡಾಕ್ಟರು ಬಾಯಿ ತೆಗೆಸಿ, ಕಿವಿಯಲ್ಲಿ ದೀಪ ಬಿಟ್ಟು ನೋಡಿ, ಎಲ್ಲ ಸರಿ ಇದೆ, ಕಾಯಿರಿ ಎಂದರು. ಕಾಯುವುದು ನನಗೆ ಹೊಸದಲ್ಲ, ಕೆಲಸವೇ ಅದು. ಆದರೆ ಹೊರಟ ಹೊತ್ತು ಗೊತ್ತಿಲ್ಲದ, ಎದುರಿನಿಂದ ಬಂದು ಹೇಳುವವರೂ ಇಲ್ಲದ ಬಸ್ಸಿಗೆ ಎಷ್ಟು ಅಂತ ಕಾಯುವುದು?

‘ಹೋಯ್, ತೇಯ್ದು ತೇಯ್ದು ನನ್ನ ಬೆರಳೇ ಸವ್ದು ಹೋತು. ಆ ಕಲ್ಲಿಗಾದ್ರೂ ಮಾತು ಬರ್ತಿತ್ತು ಇಷ್ಟೊತ್ತಿಗೆ’ ಎಂದು ನನ್ನ ಹೆಂಡತಿ ಒಂದು ದಿನ ಹೇಳಿದಳು. ನಗಲು ಹೇಳಿದ್ದೋ ಅಳಲು ಹೇಳಿದ್ದೋ ತಿಳಿಯಲಿಲ್ಲ. ಸೊಸೆ ಒಳಗಿನಿಂದ ಕೇಳಿಸಿಕೊಂಡಳು. ಆಮೇಲಾಮೇಲೆ ಮನೆಯಲ್ಲಿ ಎಲ್ಲರಿಗೂ ಮಾತು ಕಡಿಮೆಯಾಯಿತು. ಮಗುವಿನ ಎದುರು ಮಾತಾಡುವುದೇ ಒಂದು ತಪ್ಪು ಎನ್ನುವ ಹಾಗೆ ನಾವೂ ಕೈಸನ್ನೆ ಮಾಡತೊಡಗಿದೆವು. ನೀರು ಬೇಕಾದರೆ ಚೊಂಬು ತೋರಿಸುವುದು, ಊಟಕ್ಕೆ ಕರೆಯಲು ಬಾಗಿಲಿಗೆ ಬಂದು ನಿಲ್ಲುವುದು. ಉಂಡು ಏಳುವವರೆಗೂ ತುತ್ತು ಕಲಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅದೂ ಹೊತ್ತಿಗೊಬ್ಬರು, ಒಟ್ಟಿಗೆ ಕೂತು ಉಂಡದ್ದು ನೆನಪಿಲ್ಲ.

ಈ ಜೂನ್ ತಿಂಗಳಲ್ಲಿ ಶಾಲೆಗೆ ಸೇರಿಸಲು ನಾನೇ ಕರೆದುಕೊಂಡು ಹೋದೆ. ಸೊಸೆ ಹಳೇ ಸೀರೆಯಲ್ಲಿ ಚೀಲ ಹೊಲಿದು ಸ್ಲೇಟು ಹಾಕಿ ಕೊಟ್ಟಿದ್ದಳು. ಮೇಷ್ಟ್ರು ಒಳ್ಳೆಯವರೇ. ಸಾಗರದವರು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಬರುತ್ತಾರೆ. ನನಗೆ ಚೆನ್ನಾಗಿ ಗೊತ್ತು.

‘ಬೇಜಾರು ಮಾಡ್ಕೋಬೇಡಿ. ಹಾಜರಿ ಕೂಗಿದ್ರೆ ಎಂತ ಹೇಳ್ತಾಳೆ ಇವಳು? ಬಾಕಿ ಮಕ್ಕಳು ಆಡ್ಕೊಂಡೇ ಸಾಯಿಸ್ತಾವೆ. ಮಾತು ಬರ್ಲಿ, ಮುಂದಿನ ವರ್ಷ ನೋಡೋಣ’ ಎಂದರು.

ಆ ದಿನ ಚೀಲ ಹೆಗಲಿಗೆ ಹಾಕಿಕೊಂಡೇ ಅವಳು ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬಂದಳು. ಮೊದಲೂ ಆಗೀಗ ಬರುತ್ತಿದ್ದಳು, ಅಲ್ಲಿಂದ ದಿನಾ ಬಂದಳು. ಮನೆಯಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳನ್ನು ನೋಡಬೇಕಾಗುತ್ತಿತ್ತಲ್ಲ. ಹಲಗೆಯ ಕೆಳಗೆ ಕಾಲು ಚಾಚಿ ಕೂತು ನಾನು ಬರೆದ ಅಂಕಿಗಳನ್ನೇ ನೋಡುವಳು. ಬೆಳಿಗ್ಗೆ ತೀರ್ಥಹಳ್ಳಿ ಕಡೆ ಹೋಗುವ ಅವಳಪ್ಪನ ಬಸ್ಸು ಬಂದಾಗ ಅವನು ಇಳಿದು ಹತ್ತು ನಿಮಿಷ ಅವಳನ್ನು ಎತ್ತಿಕೊಳ್ಳುವನು. ಬಸ್ಸು ಹೊರಟ ಮೇಲೆ ಅವಳು ಹಲಗೆಯ ಮೇಲಿನ ಆ ಅಂಕಿಯ ಕೆಳಗೆ ಬೆರಳು ಇಟ್ಟುಕೊಂಡು ನಿಲ್ಲುವಳು. ಬಸ್ಸು ನಗರ ದಾಟಿದ ಸುದ್ದಿ ಬಂದು ನಾನು ಒರೆಸಿದ ಮೇಲೆ ಮೂಲೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗುವಳು. ಮಗು, ದಣಿದಿರಬೇಕು ಎಂದುಕೊಳ್ಳುತ್ತಿದ್ದೆ. ನಾನೂ ದಣಿದಿರುತ್ತಿದ್ದೆನಲ್ಲ.

ಹೀಗಿರುವಾಗ ಆಷಾಢದ ಒಂದು ಬುಧವಾರ ಸಂಜೆ, ಅಮೆರಿಕದ ಮೂರು ಜನ ಚಂದ್ರನಲ್ಲಿಗೆ ಹೊರಟರು.

ಸುದ್ದಿ ಬಂದದ್ದು ಎದುರಿನ ಹೋಟೆಲಿನ ರೇಡಿಯೊದಿಂದ. ಹೋಟೆಲಿನವರು ಕುಂದಾಪುರದ ಕಡೆಯವರು. ಮಳೆಗಾಲದಲ್ಲಿ ರೇಡಿಯೊದ ಬ್ಯಾಟರಿ ತಣ್ಣಗಾಗುತ್ತದೆಂದು ಅವರು ಅದನ್ನು ಒಲೆಯ ಪಕ್ಕ ಇಟ್ಟು ಬಿಸಿ ಮಾಡಿ ವಾರ್ತೆಯ ಹೊತ್ತಿಗೆ ಹಾಕುವರು. ಗುರುವಾರ ಬೆಳಿಗ್ಗೆ ನಾನು ಚಾ ಕುಡಿಯಲು ಹೋದಾಗ ಅವರೇ ಕೆಣಕಿದರು.

‘ಎಂತ ಮಾರಾಯ್ರೆ, ಊರಿನ ಬಸ್ಸಿನದ್ದೆಲ್ಲ ಲೆಕ್ಕ ಹೇಳ್ತ್ರಿ. ಚಂದ್ರನ ಬಸ್ಸು ಈಗ ಎಲ್ಲಿ ಉಂಟು ಹೇಳಿ ಕಾಂಬ.’

‘ಎಷ್ಟೊತ್ತಿಗೆ ಬಿಟ್ತು?’

‘ನಿನ್ನೆ ಸಂಜೆ ಏಳಕ್ಕೆ.’

‘ಎಷ್ಟೊತ್ತಿಗೆ ಮುಟ್ಟಬೇಕು?’

‘ಮೂರು ದಿನ ಅಂಬ್ರು.’

ಹೊರಟ ಹೊತ್ತು ತಿಳಿದ ಮೇಲೆ, ಮುಟ್ಟುವ ಹೊತ್ತು ತಿಳಿದ ಮೇಲೆ ಇನ್ನೇನು ಬೇಕು? ಹಲಗೆಯ ಕೆಳಭಾಗ ಖಾಲಿ ಇತ್ತು. ಅಲ್ಲಿ ಇನ್ನೊಂದು ಗೆರೆ ಎಳೆದು, ಸಾಗರದ ಕೆಳಗೆ ಭೂಮಿ ಎಂದೂ ತೀರ್ಥಹಳ್ಳಿಯ ಕೆಳಗೆ ಚಂದ್ರ ಎಂದೂ ಬರೆದೆ. ನಡುವೆ ಅಕ್ಕಿಕಾಳಿನಷ್ಟು ಒಂದು ಗುರುತು ಹಾಕಿ, ದಿನಕ್ಕೆ ಮೂರರಲ್ಲಿ ಒಂದು ಪಾಲು ಎಂದು ಸರಿಸುತ್ತ ಬಂದೆ. ಜನ ನಿಂತು ನೋಡಿದರು. ಸಂತೆಗೆ ಬಂದ ಒಬ್ಬ ಹೆಂಗಸು, ಇದಕ್ಕೆ ಟಿಕೆಟ್ಟು ಎಲ್ಲಿ ಕೊಡ್ತಾರೆ ಎಂದು ಕೇಳಿದಳು. ‘ನಿನ್ನ ಗಂಡನ್ನ ಕಳಿಸ್ತೀಯಾ? ಬರೀ ಹೋಗೋದಕ್ಕೆ ಸಾಕಾ, ಬರೋದಕ್ಕೂ ಬೇಕಾ?’ ಎಂದು ಒಬ್ಬ ಡ್ರೈವರು ಕೇಳಿದ. ‘ಬರೋದು ಎಂತಕ್ಕೆ?’ ಎಂದಳು ಅವಳು.

ಮೊಮ್ಮಗಳು ಅಂದಿನಿಂದ ಎರಡು ಬೆರಳು ಇಡತೊಡಗಿದಳು. ಒಂದು ಅಪ್ಪನ ಬಸ್ಸಿನ ಕೆಳಗೆ, ಒಂದು ಆ ಅಕ್ಕಿಕಾಳಿನ ಕೆಳಗೆ.

ಗುರುವಾರ ಸಂಜೆಯ ವಾರ್ತೆಯಲ್ಲಿ ನನ್ನ ಮಾನ ಹೋಯಿತು. ಅದು ಆಗಲೇ ಅರ್ಧ ದಾರಿಯ ಹತ್ತಿರ ಮುಟ್ಟಿದೆಯಂತೆ. ನಾನು ಮೂರರಲ್ಲಿ ಒಂದು ಪಾಲಿನ ಹತ್ತಿರ ನಿಲ್ಲಿಸಿದ್ದೆ. ಹೋಟೆಲಿನವರು ಬಾಗಿಲಿಗೆ ಬಂದು, ‘ಗುರುತು ಹಿಂದೆ ಬಿತ್ತಲ್ಲ, ಎಂತ ಪಂಕ್ಚರಾ?’ ಎಂದು ಕೂಗಿದರು. ಗುರುತನ್ನು ನಡುವಿಗೆ ಸರಿಸಿದೆ. ಹಾಗಾದರೆ ನಾಳೆ ಮುಟ್ಟಿಬಿಡುತ್ತದೆ ಎಂದು ಎಲ್ಲರಿಗೂ ಹೇಳಿಯೂ ಹೇಳಿದೆ. ಶುಕ್ರವಾರ ನೋಡಿದರೆ ಮುಟ್ಟಲಿಲ್ಲ. ವೇಗ ಇಳಿಯುತ್ತಿದೆ, ಇನ್ನೂ ಇಳಿಯುತ್ತಿದೆ ಎಂದು ರೇಡಿಯೊ ಹೇಳಿತು. ಮುಂದೆ ಹಾಕಿದರೆ ಹಿಂದೆ ಎನ್ನುತ್ತದೆ, ಹಿಂದೆ ಹಾಕಿದರೆ ಮುಂದೆ ಎನ್ನುತ್ತದೆ. ಇಪ್ಪತ್ತು ವರ್ಷದಲ್ಲಿ ಯಾವ ಬಸ್ಸೂ ನನಗೆ ಇಷ್ಟು ಕಾಟ ಕೊಟ್ಟಿರಲಿಲ್ಲ. ಅದರ ಎದುರಿನಿಂದ ಬರುವ ಡ್ರೈವರಾದರೂ ಇದ್ದಿದ್ದರೆ ಕೇಳಬಹುದಿತ್ತು.

ಶುಕ್ರವಾರ ಸಂಜೆ ಅಂಚೆ ಹಾಕಲು ಬಂದ ಮೇಷ್ಟ್ರನ್ನು ಹಿಡಿದು ಕೇಳಿದೆ. ಅವರು ಕೊಡೆ ಮಡಿಸಿ, ಹಲಗೆ ನೋಡಿ ನಕ್ಕರು.

‘ಘಟ್ಟ ಹತ್ತೋ ಬಸ್ಸು ಹ್ಯಾಗೆ ಹೋಗ್ತದೆ? ಕೆಳಗಿಂದ ಜೋರಾಗಿ ಬಂದಿರ್ತದೆ, ಮೇಲೆ ಮೇಲೆ ಹೋದ ಹಾಗೆ ನಿಧಾನ ಆಗ್ತದೆ. ಇದೂ ಹಾಗೇ. ಭೂಮಿ ಹಿಂದಕ್ಕೆ ಎಳೀತಾ ಇರ್ತದೆ. ಕೊನೇ ಹತ್ರ ಒಂದು ಜಾಗ ಬರ್ತದೆ. ಅಲ್ಲಿಂದಾಚೆ ಚಂದ್ರನ ಎಳೆತ ಹೆಚ್ಚು. ಆಮೇಲೆ ಇಳುಕಲು.’

‘ನಮ್ಮ ನಗರ ಇದ್ದ ಹಾಗೆ?’ ಎಂದೆ.

‘ಹೂಂ, ಹಾಗೇ ಇಟ್ಕೊಳ್ಳಿ’ ಎಂದು ಅವರು ಹೋದರು. ಅವರು ಯೋಚಿಸಿ ಹೇಳಿದ್ದಲ್ಲ. ನಾನು ಮಾತ್ರ ಅದನ್ನು ಹಾಗೇ ಇಟ್ಟುಕೊಂಡೆ.

ಶನಿವಾರ ಬೆಳಿಗ್ಗೆ ಆರಕ್ಕೆ ಬಂದು ನಿಂತವನು ನಾನು. ಯಾವ ಬಸ್ಸೂ ಹೊತ್ತಿಗೆ ಬರಲಿಲ್ಲ. ದಾರಿಯಲ್ಲಿ ಎಲ್ಲೋ ಮರ ಬಿದ್ದಿತ್ತು. ಎಲ್ಲರ ಬೈಗುಳ ನನಗೆ, ಮರ ಕಡಿದು ಬೀಳಿಸಿದವನು ನಾನೇ ಎನ್ನುವ ಹಾಗೆ. ಮಗನ ಬಸ್ಸು ತಡವಾಗಿ ಬಂದು ತಡವಾಗಿ ಹೋಯಿತು. ಅವನು ಇಳಿದು ಮಗಳನ್ನು ಎತ್ತಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತೇ ಕೈ ಬೀಸಿ, ‘ಇವತ್ತು ಹಾಲ್ಟು ಅಪ್ಪಯ್ಯ, ಅಮ್ಮಂಗೆ ಹೇಳು’ ಎಂದು ವಿಸಿಲ್ ಊದಿದ. ಹನ್ನೆರಡೂವರೆಯ ಹೊತ್ತಿಗೆ ಎದುರಿನ ಬಸ್ಸಿನವನು ಬಂದು, ‘ನಿಮ್ಮ ಮಗ ನಗರ ದಾಟಿದ’ ಎಂದ. ಒರೆಸಿದೆ. ಹುಡುಗಿ ಒಂದು ಬೆರಳು ಇಳಿಸಿದಳು. ಆ ದಿನ ಮೂಲೆಗೆ ಹೋಗಲಿಲ್ಲ, ಇನ್ನೊಂದು ಬೆರಳು ಹಾಗೆಯೇ ಇತ್ತು.

ಅಷ್ಟರಲ್ಲಿ ಶಾಲೆ ಬಿಟ್ಟು ಮೇಷ್ಟ್ರು ಚೀಲ ಹಿಡಿದು ಸಾಗರದ ಬಸ್ಸಿಗೆ ಬಂದು ನಿಂತರು. ಆಚೆ ಕಡೆಗೆ, ತೀರ್ಥಹಳ್ಳಿಗೆ ಹೋಗುವ ಮಧ್ಯಾಹ್ನದ ಬಸ್ಸು ಬಂದು ನಿಂತಿತ್ತು. ಅದರ ಡ್ರೈವರು ಚಾ ಕುಡಿಯುತ್ತಿದ್ದ. ಹೋಟೆಲಿನಲ್ಲಿ ಮಧ್ಯಾಹ್ನದ ವಾರ್ತೆ ಶುರುವಾಯಿತು. ಮುಗಿದ ಕೂಡಲೇ ಹೋಟೆಲಿನವರು ಗ್ಲಾಸು ಹಿಡಿದುಕೊಂಡೇ ಹೊರಗೆ ಬಂದರು.

‘ಹ್ವಾಯ್, ದಾಟ್ತಂತೆ! ಬೆಳಿಗ್ಗೆಯೇ ದಾಟಿ ಆಯ್ತಂತೆ! ಇನ್ನು ಚಂದ್ರನೇ ಎಳ್ಕಂತ್ನಂಬ್ರು!’

ನಾನು ಒದ್ದೆ ಬಟ್ಟೆ ತೆಗೆದುಕೊಂಡೆ. ಯೋಚಿಸಲೇ ಇಲ್ಲ, ಇಪ್ಪತ್ತು ವರ್ಷದ ಕೈ ಅದು. ‘ಸರಿ, ಇನ್ನು ನಮ್ಮ ಜವಾಬ್ದಾರಿ ಮುಗೀತು’ ಎಂದು ಹೇಳಿ, ಆ ಅಕ್ಕಿಕಾಳನ್ನು ಒರೆಸಿಬಿಟ್ಟೆ.

‘ಒರಸ್ಬೇಡ ಅಜ್ಜಯ್ಯಾ!’

ಯಾರೋ ಪ್ರಯಾಣಿಕರ ಮಗು ಎಂದು ತಿರುಗಿ ನೋಡಿದೆ. ಬೇರೆ ಮಕ್ಕಳು ಯಾರೂ ಇರಲಿಲ್ಲ. ಅವಳು ನನ್ನ ಪಂಚೆ ಎರಡು ಕೈಯಲ್ಲೂ ಹಿಡಿದು ಎಳೆಯುತ್ತಿದ್ದಳು. ಮುಖ ಕೆಂಪಾಗಿ ಕಣ್ಣಲ್ಲಿ ನೀರು.

‘ಅದೆ! ಅಲ್ಲೇ ಅದೆ ಅದು! ಒರಸ್ಬೇಡ!’

ಸಂತೋಷವಾದರೆ ಜನ ಎದ್ದು ಕುಣಿಯುತ್ತಾರೆ ಎಂದು ಕೇಳಿದ್ದೆ. ನಾನು ಕುಣಿಯಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಯಾರು ಬಂದು ಏನು ಕೇಳಿಯಾರು ಎಂದು ನೋಡದೆ ಆ ಸ್ಟೂಲಿನ ಮೇಲೆ ಕೂತೆ. ಐದು ವರ್ಷದ ದಣಿವೆಲ್ಲ ಆಗ ಬಂದ ಹಾಗಿತ್ತು. ಹೋಟೆಲಿನವರು, ಡ್ರೈವರು, ಮೇಷ್ಟ್ರು ಸುತ್ತ ನೆರೆದರು. ‘ಹೇಳು ಮಗಾ, ಇನ್ನೊಂದ್ಸಲ ಹೇಳು. ಎಂತ ಹೇಳ್ದೆ? ಅಜ್ಜಯ್ಯ ಅನ್ನು’ ಎಂದು ಎಲ್ಲರೂ ಒಟ್ಟಿಗೆ ಬಗ್ಗಿದರು. ನಾನೂ ಕೇಳಿದೆ, ಬೇಡಿಕೊಂಡೆ ಎಂದರೂ ಸರಿ. ಅವಳು ಅಷ್ಟು ಮುಖಗಳನ್ನು ನೋಡಿ ತುಟಿ ಬಿಗಿದುಬಿಟ್ಟಳು. ಮೊದಲಿನ ಹಾಗೆಯೇ.

ಅಷ್ಟೇ ಆಗಿ ಹೋಯಿತೇನೋ ಎಂದು ನನಗೆ ಹೆದರಿಕೆಯಾಯಿತು. ಮಳೆ ನಿಂತ ಮೇಲೆ ಒಂದು ಸಲ ಮಿಂಚಿ ಮತ್ತೆ ಕತ್ತಲಾದ ಹಾಗೆ.

ಮೇಷ್ಟ್ರು ಅವಳನ್ನು ಏನೂ ಕೇಳಲಿಲ್ಲ. ಜನರನ್ನು ಕೈಯಿಂದ ಆಚೆ ಸರಿಸಿ ನನ್ನ ಮೇಲೇ ರೇಗಿದರು.

‘ಎಂಥ ಟೈಂ ಕೀಪರ್ರೀ ನೀವು? ನಗರ ದಾಟಿದ್ರೆ ತೀರ್ಥಹಳ್ಳೀಲಿ ಒಬ್ಬ ಇದಾನೆ, ಸರಿ. ಚಂದ್ರನಲ್ಲಿ ಯಾರಿದಾರೆ? ಅದು ದಾಟಿದ್ರೂ ಮುಟ್ಟಿದ್ರೂ ಇಲ್ಲಿಂದಲೇ ನೋಡ್ಬೇಕು. ಆ ಮೂರು ಜನ ಮನೆಗೆ ವಾಪಸು ಬರೋ ತನಕ ಇಲ್ಲಿಂದ ಕಣ್ಣು ತೆಗೀಲಿಕ್ಕಿಲ್ಲ. ಒರೆಸಿದ್ರಂತೆ ಒರೆಸಿದ್ರು. ಸುಣ್ಣ ಕೊಡಿ ಇಲ್ಲಿ.’

ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಎದುರು ನಿಂತರು. ‘ಎಲ್ಲಿತ್ತು? ಇಲ್ಲಿತ್ತಲ್ವಾ?’ ಎಂದು ಭೂಮಿಯ ಪಕ್ಕದಲ್ಲೇ, ಬಸ್ಸು ಇನ್ನೂ ಸ್ಟ್ಯಾಂಡು ಬಿಡದ ಹಾಗೆ, ಒಂದು ಗುರುತು ಹಾಕಿದರು. ಬೇಕೆಂದೇ ಹಾಕಿದರೋ ಅಥವಾ ನಿಜವಾಗಿ ತಪ್ಪಿದರೋ ನಾನು ಇವತ್ತಿನವರೆಗೂ ಕೇಳಿಲ್ಲ.

‘ಅಲ್ಲಲ್ಲ. ಆಚಿಗೆ’ ಎಂದಳು.

‘ಇಲ್ಲಾ?’

‘ಇನ್ನೂ ಆಚಿಗೆ.’

‘ನನಗೆ ಕಾಣಲ್ಲ ಮಾರಾಯ್ತಿ, ಕನ್ನಡಕ ಒದ್ದೆಯಾಗಿದೆ. ನೀನೇ ಹಾಕು.’

ಅವಳನ್ನು ಎತ್ತಿ ಹಿಡಿದರು. ಅವಳು ನಾನು ಒರೆಸಿದ ಒದ್ದೆ ಜಾಗದಲ್ಲೇ, ಚಂದ್ರನ ಹತ್ತಿರ, ಅಕ್ಕಿಕಾಳಲ್ಲ, ಹಲಸಿನ ಬೀಜದಷ್ಟು ದಪ್ಪ ಗುರುತು ಹಾಕಿದಳು. ಆಮೇಲೆ ಮೇಲಿನ ಗೆರೆಗೂ ಕೈ ಚಾಚಿ, ನಗರದಾಚೆ ಒಂದು ಗುರುತು ಹಾಕಿದಳು.

‘ಇದೆಂತದು?’ ಎಂದರು ಮೇಷ್ಟ್ರು.

‘ಅಪ್ಪಯ್ಯನ ಬಸ್ಸು.’

ಆಗ ನನಗೆ ತಿಳಿಯಿತು. ಇಷ್ಟು ದಿನ ಅವಳ ಕಣ್ಣೆದುರೇ ನಾನು ಅವಳಪ್ಪನನ್ನು ಒರೆಸುತ್ತಿದ್ದೆ. ಬೋರ್ಡಿನ ಮೇಲೆ ಇದ್ದರೆ ಹೆದರಬೇಡಿ ಎಂದು ಊರಿಗೆಲ್ಲ ಹೇಳುವವನು ನಾನೇ, ಒರೆಸಿದ ಮೇಲೆ ಅವಳು ಏನೆಂದುಕೊಳ್ಳಬೇಕು? ಮೂಲೆಗೆ ಹೋಗಿ ಮಲಗುತ್ತಿದ್ದದ್ದು ದಣಿವಿಗಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಮೇಷ್ಟ್ರು ಅವಳನ್ನು ಇಳಿಸಿ, ಕನ್ನಡಕ ಒರೆಸಿಕೊಳ್ಳುತ್ತ, ‘ಸೋಮವಾರ ಕರ್ಕೊಂಡು ಬನ್ನಿ. ಹಾಜರಿಯಲ್ಲಿ ಹೆಸರು ಬರೀತೇನೆ’ ಎಂದರು. ಅವರ ಸಾಗರದ ಬಸ್ಸು ಬಂತು. ಹತ್ತಿದ ಮೇಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಒರೆಸ್ಬೇಡಿ ಮತ್ತೆ!’ ಎಂದು ಕೂಗಿದರು.

ಮಗನಿಗೆ ಸುದ್ದಿ ಮುಟ್ಟಿಸಬೇಕಲ್ಲ. ತೀರ್ಥಹಳ್ಳಿಯ ಬಸ್ಸು ಹೊರಡಲು ತಯಾರಾಗಿತ್ತು. ಡ್ರೈವರಿಗೆ ಹೇಳುವ ಮೊದಲೇ ಅವನು, ‘ಗೊತ್ತಾಯ್ತು ಬಿಡಿ, ಹೇಳ್ತೀನಿ. ಸಂಜೆ ವಾಪಸು ಬರೋ ಗಾಡೀಲಿ ಅವನನ್ನೇ ಹತ್ತಿಸಿ ಕಳಿಸ್ತೀವಿ. ಆ ಗಾಡಿ ಕಂಡಕ್ಟ್ರು ಹಾಲ್ಟ್ ಮಾಡ್ಲಿ, ಬೇಕಾದ್ರೆ ನಾನೇ ಅವನ ಕಾಲು ಒತ್ತುತೀನಿ’ ಎಂದು ಗೇರ್ ಹಾಕಿದ. ಹೋಟೆಲಿನವರು ಎಲ್ಲರಿಗೂ ಚಾ ಕೊಟ್ಟರು. ಹುಡುಗಿಗೆ ಒಂದು ಬನ್ಸು ಕೊಟ್ಟು, ‘ಎಂತ ಹೇಳ್ಬೇಕು ಈಗ?’ ಎಂದರು. ಅವಳು ತಿನ್ನುತ್ತ, ‘ಬಿಸಿ ಅದೆ’ ಎಂದಳು.

ಆ ಮಧ್ಯಾಹ್ನ ನಾನು ಒಂದು ಬಸ್ಸನ್ನೂ ಒರೆಸಲಿಲ್ಲ. ಹಲಗೆ ತುಂಬ ಅಂಕಿ, ಯಾವುದು ಹೋದದ್ದು ಯಾವುದು ಬಂದದ್ದು ಎಂದು ನನಗೇ ತಿಳಿಯದ ಹಾಗಾಯಿತು. ಕೇಳಿದವರಿಗೆಲ್ಲ, ಎಲ್ಲಾ ಅವೆ, ಎಲ್ಲಾ ಬರ್ತವೆ ಎಂದೆ. ನಾಲ್ಕು ಗಂಟೆಗೆ ಬದಲಿಯವನ ಕೈಗೆ ಒಪ್ಪಿಸಿ ಮನೆಗೆ ಹೊರಟೆ. ದಾರಿಯಲ್ಲಿ ಅವಳು ಏನೂ ಮಾತಾಡಲಿಲ್ಲ. ಕೆಸರು ನೋಡಿ ನೋಡಿ ಹೆಜ್ಜೆ ಇಟ್ಟಳು. ನನಗೆ ಮತ್ತೆ ಹೆದರಿಕೆ. ಕೇಳಿದರೆ ಬಾಯಿ ಮುಚ್ಚುತ್ತಾಳೆ, ಕೇಳದೆ ಇರಲು ನನಗೆ ತಾಳ್ಮೆ ಇಲ್ಲ. ಮನೆಯ ಬಾಗಿಲಿಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಮೊರ ಕೆಳಗಿಡದೆ ನನ್ನ ಮುಖ ನೋಡಿದಳು.

‘ಬಿಸಿಲಿಲ್ಲ ಎಂತಿಲ್ಲ, ನಿಮ್ಮ ತಲೆಗೆ ಎಂತ ಆಯ್ತು?’

‘ದೇವರಾಣೆ ಕಣೇ. ಮೇಷ್ಟ್ರು ಕೇಳಿದಾರೆ, ಹೋಟ್ಲಿನವರು ಕೇಳಿದಾರೆ.’

‘ಹಾಗಾದ್ರೆ ನನ್ನೆದ್ರು ಹೇಳ್ಸಿ.’

ಹೇಳಿಸಲು ನನ್ನಿಂದ ಆಗಲಿಲ್ಲ. ಹುಡುಗಿ ನಮ್ಮಿಬ್ಬರ ನಡುವೆ ನುಸುಳಿ ಒಳಗೆ ಹೋದಳು. ಸೊಸೆ ಒಲೆ ಊದುತ್ತಿದ್ದಳು. ಹಸಿ ಸೌದೆ, ಮನೆ ತುಂಬ ಹೊಗೆ.

‘ಅಮ್ಮ, ಕಣ್ಣು ಉರೀತದೆ’ ಎಂದಿತು ಒಳಗಿನ ದನಿ.

ಊದುಗೊಳವೆ ಕೆಳಗೆ ಬಿದ್ದ ಸದ್ದು ಕೇಳಿಸಿತು. ನಾವಿಬ್ಬರೂ ಹೊಸ್ತಿಲ ಹತ್ತಿರವೇ ನಿಂತಿದ್ದೆವು. ನನ್ನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು, ‘ಹೊಗೆ’ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ‘ಶನಿವಾರ, ಮೀನು ತರೋ ಹಾಗೂ ಇಲ್ಲ. ಮಾಡೋದಾದ್ರೂ ಎಂತ?’ ಎಂದಳು. ಸೊಸೆ ಒಳಗಿನಿಂದ, ‘ಶಾವಿಗೆ ಮಾಡಣ ಅತ್ತೆ, ಮಾವಯ್ಯ ಒತ್ತಿ ಕೊಡ್ಲಿ’ ಎಂದು ಕೂಗಿದಳು. ಅವಳು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿದ್ದೇ ಇಲ್ಲ. ಅಟ್ಟದ ಮೇಲಿಂದ ಶಾವಿಗೆ ಒರಳು ಇಳಿಸಿ, ಎರಡು ವರ್ಷದ ಧೂಳು ತೊಳೆದು, ಬೆಂದ ಅಕ್ಕಿ ಹಿಟ್ಟಿನ ಉಂಡೆ ಹಾಕಿ ಒತ್ತಿದೆ. ಒತ್ತುವಷ್ಟರಲ್ಲಿ ತೋಳು ಎರಡೂ ಬಿದ್ದುಹೋದವು. ಹೆಂಡತಿ ಕಾಯಿ ತುರಿದು ಹಾಲು ಹಿಂಡಿದಳು. ಸೊಸೆ ಬಿದಿರು ಕಳಲೆಯ ಪಲ್ಯವನ್ನೂ, ಅದರ ಜೊತೆಗೆ ಒಂದು ಚಟ್ನಿಯನ್ನೂ ಮಾಡಿದಳು. ಯಾರು ಏನು ಹಾಕಿದರೋ ಯಾರಿಗೂ ನೆನಪಿರಲಿಲ್ಲ.

ಮಗ ಬಂದದ್ದು ದೀಪ ಹಚ್ಚಿದ ಮೇಲೆ. ಯೂನಿಫಾರ್ಮಿನಲ್ಲೇ, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡೇ ಅಂಗಳದಲ್ಲಿ ನಿಂತ. ಒಳಗೆ ಬರಲು ಹೆದರುವ ಹಾಗೆ ಕಂಡಿತು. ಸುಳ್ಳಾಗಿದ್ದರೆ ಎಂದು ಇರಬೇಕು. ಹುಡುಗಿ ಜಗಲಿಯ ಮೇಲಿನಿಂದ ಅವನನ್ನು ನೋಡಿ, ‘ಅಪ್ಪಯ್ಯ ಬಂತು’ ಎಂದಳು. ನಾವು ಬಸ್ಸಿಗೆ ಹೇಳುವ ಹಾಗೆಯೇ ಹೇಳಿದಳು. ಅವನು ಒದ್ದೆ ಬಟ್ಟೆಯಲ್ಲೇ ಅವಳನ್ನು ಎತ್ತಿಕೊಂಡು ಬಹಳ ಹೊತ್ತು ನಿಂತ. ತೀರ್ಥಹಳ್ಳಿಯಿಂದ ಇಲ್ಲಿಯವರೆಗೂ ಒಂದು ಟಿಕೆಟ್ಟೂ ಸರಿಯಾಗಿ ಕೊಟ್ಟಿಲ್ಲ ಎಂದು ಆಮೇಲೆ ಹೇಳಿದ.

ನಮ್ಮಲ್ಲಿ ಗಂಡಸರು ಉಂಡ ಮೇಲೆ ಹೆಂಗಸರು ಉಣ್ಣುವುದು. ಆ ಸಂಜೆ ನನ್ನ ಹೆಂಡತಿ ಐದು ಬಾಳೆ ಎಲೆಯನ್ನು ಒಂದೇ ಸಾಲಿಗೆ ಹಾಕಿ, ‘ಯಾರು ಬಡಿಸೋದು, ಯಾರು ಕಾಯೋದು? ಎಲ್ಲಾ ನಡುವೆ ಇಟ್ಟೀನಿ, ಬೇಕಾದ್ದು ಹಾಕ್ಕಳಿ. ನನಗೆ ಇನ್ನು ಏಳಕ್ಕಾಗಲ್ಲ’ ಎಂದು ತಾನೇ ಮೊದಲು ಕೂತಳು. ಮಗ, ಸೊಸೆ, ನಡುವೆ ಹುಡುಗಿ, ಆಚೆ ನಾನು. ಶಾವಿಗೆಯ ಮೇಲೆ ಕಾಯಿಹಾಲು ಸುರಿದುಕೊಂಡು ತಿಂದೆವು. ಪಲ್ಯ ಹಾಕಿಕೊಂಡು ತಿಂದೆವು. ಹಸಿವೋ ದಣಿವೋ, ಯಾರೂ ತಲೆ ಎತ್ತಲಿಲ್ಲ. ಐದು ವರ್ಷದ ಅಭ್ಯಾಸ, ಒಬ್ಬರೂ ಮಾತಾಡಲಿಲ್ಲ.

ಹುಡುಗಿ ಚಟ್ನಿ ನೆಕ್ಕಿ ನೋಡಿ ಮುಖ ಕಿವುಚಿದಳು.

‘ಇದಕ್ಕೆ ಉಪ್ಪೇ ಇಲ್ಲ’ ಎಂದಳು.

ನಾವೆಲ್ಲ ಅದನ್ನೇ ಹಾಕಿಕೊಂಡು ಅರ್ಧ ಊಟ ಮಾಡಿದ್ದೆವು. ಮಗ ಮೊದಲು ನಕ್ಕ, ಆಮೇಲೆ ಸೊಸೆ. ‘ಹೌದಲ್ಲೇ, ಇಷ್ಟೊತ್ತು ಎಂತ ತಿಂತಿದ್ವಿ ನಾವು?’ ಎಂದು ನನ್ನ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು, ಏಳಲಾಗದು ಎಂದವಳು ಎದ್ದು, ಉಪ್ಪಿನ ಮರಿಗೆ ತಂದು ಎಲ್ಲರ ಎಲೆಗೂ ಒಂದೊಂದು ಚಿಟಿಕೆ ಹಾಕಿದಳು. ಕಲಸಿಕೊಂಡು ಮತ್ತೆ ಉಣ್ಣತೊಡಗಿದೆವು.